ನೃತ್ಯ ಪರೀಕ್ಷೆಗೆ ಹೊರಟ ಮಗುವಿನ ಹೆತ್ತವರಿಗೆ



ಒಂದು ಬುಧವಾರದ ಸಂಜೆ. ನೊವೇನ ಮುಗಿದು ಜನ ಮನೆಯ ಕಡೆ ಹೊರಟಿದ್ದರು. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ದೇವಾಲಯದ ಪಕ್ಕದ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ಬಲಿಪೂಜೆಯ ಕೋರಿಕೆ ಬರೆದ ಒಂದು ಚೀಟಿ. "ಫಾದರ್, ಮುಂದಿನ ವಾರ ಇವಳಿಗೆ ಭರತನಾಟ್ಯ ಜೂನಿಯರ್ ಪರೀಕ್ಷೆ. ಡಿಸ್ಟಿಂಕ್ಷನ್ ಬರಲೇಬೇಕು. ಭಾನುವಾರದ ಪೂಜೆಯಲ್ಲಿ ಹೆಸರು ಹೇಳಿ ಪ್ರಾರ್ಥಿಸಿ" ಎಂದರು. ಚೀಟಿ ಕೊಟ್ಟು ಮೇಣದ ಬತ್ತಿ ಹಚ್ಚಲು ಮಾತೆಯ ಗವಿಯ ಕಡೆ ನಡೆದರು. ಮಗಳು ಅಲ್ಲೇ ನಿಂತಳು. ಹನ್ನೊಂದೋ ಹನ್ನೆರಡೋ ವಯಸ್ಸು. ಅಮ್ಮ ದೂರ ಹೋಗುವುದನ್ನು ನೋಡಿಕೊಂಡು ಮೆಲ್ಲಗೆ ಕೇಳಿದಳು: "ಫಾದರ್, ಆ ದಿನ ನನಗೆ ಜ್ವರ ಬರಲಿ ಅಂತ ಪ್ರಾರ್ಥನೆ ಮಾಡಿದರೆ ಪಾಪವೇ?"

ನಾನು ತತ್ವಶಾಸ್ತ್ರ ಓದಿದವನು, ದೈವಶಾಸ್ತ್ರವನ್ನೂ ಓದಿದವನು. ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಂದೇ ಮನೆಯಿಂದ ಎರಡು ಪ್ರಾರ್ಥನೆಗಳು ದೇವರ ಬಳಿಗೆ ಹೊರಟಿದ್ದವು. ತಾಯಿಯದು ಡಿಸ್ಟಿಂಕ್ಷನ್‌ಗಾಗಿ, ಮಗಳದು ಜ್ವರಕ್ಕಾಗಿ. ದೇವರು ಯಾವುದನ್ನು ಕೇಳಬೇಕು?

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ನಾನು ನೃತ್ಯದ ವಿರೋಧಿಯಲ್ಲ. "ಕ್ರೈಸ್ತರ ಮಕ್ಕಳಿಗೆ ಗೆಜ್ಜೆ ಏಕೆ?" ಎಂದು ಕೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಪವಿತ್ರ ಗ್ರಂಥವನ್ನು ತೆರೆದು ನೋಡಲಿ. ಕೆಂಪು ಸಮುದ್ರವನ್ನು ದಾಟಿದ ದಿನ ಮಿರ್ಯಾಮಳು ದಮ್ಮಡಿ ಹಿಡಿದು ಮುಂದೆ ನಡೆದಳು. ಹೆಂಗಸರೆಲ್ಲರೂ ನರ್ತಿಸುತ್ತಾ ಅವಳ ಹಿಂದೆ ಹೊರಟರು (ವಿಮೋಚನಾಕಾಂಡ 15:20). ಕೀರ್ತನೆಗಳ ಗ್ರಂಥ ಮುಗಿಯುವುದೇ ನೃತ್ಯದೊಡನೆ ದೇವರನ್ನು ಸ್ತುತಿಸಲು ಕರೆ ಕೊಡುವ ಹಾಡುಗಳಿಂದ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಕಲೈ ಕಾವೇರಿ ಎಂಬ ಲಲಿತಕಲಾ ಕಾಲೇಜು ಕಥೋಲಿಕ ಧರ್ಮಸಭೆಯ ಆಶ್ರಯದಲ್ಲೇ ಬೆಳೆಯಿತು. ಯೇಸುಸಭೆಯ ಗುರು ಸಾಜು ಜಾರ್ಜ್‌ರವರು ಭರತನಾಟ್ಯವನ್ನೇ ತಮ್ಮ ಸೇವೆಯ ದಾರಿಯನ್ನಾಗಿ ಮಾಡಿಕೊಂಡು ಪಶ್ಚಿಮ ಬಂಗಾಳದಲ್ಲಿ ಕಲಾಹೃದಯ ಎಂಬ ಸಂಸ್ಥೆಯನ್ನು ಕಟ್ಟಿದ್ದಾರೆ. ಆದ್ದರಿಂದ ಮಕ್ಕಳು ಕುಣಿಯಲಿ. ನನ್ನ ಚಿಂತೆ ಬೇರೆ: ಅವರು ಯಾರಿಗಾಗಿ ಕುಣಿಯುತ್ತಿದ್ದಾರೆ?

ಪರೀಕ್ಷೆಯೂ ಕೆಟ್ಟದ್ದಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಕುಟುಂಬಗಳ ಮಕ್ಕಳು ಬ್ಯಾಲೆ ಕಲಿಯುವುದುಂಟು. ಅಲ್ಲಿ ರಾಯಲ್ ಅಕಾಡೆಮಿ ಆಫ್ ಡಾನ್ಸ್ ಎಂಬ ಸಂಸ್ಥೆಯಿದೆ. 1920ರಲ್ಲಿ ಲಂಡನ್ನಿನಲ್ಲಿ ಶುರುವಾದ ಅದರ ಪರೀಕ್ಷೆಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತವೆ. ಐದು ವರ್ಷದ ಮಗುವಿಗೆ ಮೊದಲ ಮೆಟ್ಟಿಲು, ನಂತರ ಒಂದರಿಂದ ಎಂಟರವರೆಗೆ ಗ್ರೇಡುಗಳು. ನೃತ್ಯವನ್ನು ವೃತ್ತಿಯಾಗಿ ನೋಡುವವರಿಗೆ ಬೇರೆಯೇ ಪರೀಕ್ಷೆಗಳಿವೆ. ಅವುಗಳ ಮೊದಲನೆಯದಕ್ಕೇ 11 ವರ್ಷ ತುಂಬಿರಬೇಕು. ನೂರಕ್ಕೆ 40 ಬಂದರೆ ಪಾಸ್, 55 ಬಂದರೆ ಮೆರಿಟ್, 75 ಬಂದರೆ ಡಿಸ್ಟಿಂಕ್ಷನ್. ಹೆಜ್ಜೆಯ ಶುದ್ಧಿಯನ್ನು ಮಾತ್ರವಲ್ಲ, ಮಗು ಸಂಗೀತವನ್ನು ಹೇಗೆ ಕೇಳಿಸಿಕೊಳ್ಳುತ್ತದೆ, ಕುಣಿತದಲ್ಲಿ ಜೀವ ಇದೆಯೇ ಎಂಬುದನ್ನೂ ನೋಡುತ್ತಾರೆ.

ನಮ್ಮಲ್ಲಿಯೂ ಹಾಗೆಯೇ. ಕರ್ನಾಟಕದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಹುಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳನ್ನು ನೀವು ಬಲ್ಲಿರಿ. ಮಗು ಅರೆಮಂಡಿಯಲ್ಲಿ ಕುಳಿತು ಅಡವುಗಳನ್ನು ಮಾಡಿ ತೋರಿಸಬೇಕು. ಅಲರಿಪು, ಜತಿಸ್ವರ ಮುಂತಾದವನ್ನು ತಾಳ ತಪ್ಪದೆ ಕುಣಿಯಬೇಕು. ಬಾಯಿಮಾತಿನ ಪ್ರಶ್ನೆಗಳೂ ಇರುತ್ತವೆ. ಅಭಿನಯ ದರ್ಪಣದ ಒಂಬತ್ತು ಶಿರೋಭೇದಗಳು, ಎಂಟು ದೃಷ್ಟಿಭೇದಗಳು, ನಾಲ್ಕು ಗ್ರೀವಾಭೇದಗಳು, ಒಂದೇ ಕೈಯಿಂದ ಹಿಡಿಯುವ 28 ಹಸ್ತಗಳು ಬಾಯಿಗೆ ಬರಬೇಕು. ಇಷ್ಟನ್ನು ಕಲಿತ ಮಗು ತಾಳ್ಮೆಯನ್ನು ಕಲಿತಿರುತ್ತದೆ, ಗುರುವಿಗೆ ವಿಧೇಯತೆಯನ್ನು ಕಲಿತಿರುತ್ತದೆ, ತಪ್ಪನ್ನು ತಿದ್ದಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ಕಲಿತಿರುತ್ತದೆ. ಇವು ಆತ್ಮಿಕ ಜೀವನಕ್ಕೂ ಬೇಕಾದ ಗುಣಗಳೇ.

ಆದರೆ ಪರೀಕ್ಷೆ ಬೇರೆ, ಸ್ಪರ್ಧೆ ಬೇರೆ. ಪರೀಕ್ಷೆಯಲ್ಲಿ ಒಂದು ಅಳತೆಗೋಲು ಇರುತ್ತದೆ. ಮಗು ಆ ಅಳತೆಗೆ ಬಂದರೆ ಸಾಕು. ಹತ್ತು ಮಕ್ಕಳು ಕುಳಿತರೆ ಹತ್ತು ಮಕ್ಕಳೂ ತೇರ್ಗಡೆಯಾಗಬಹುದು. ಒಬ್ಬಳ ಸಂತೋಷ ಇನ್ನೊಬ್ಬಳ ದುಃಖವಲ್ಲ. ಸ್ಪರ್ಧೆಯಲ್ಲಿ ಅಳತೆಗೋಲು ಪಕ್ಕದ ಮಗು. ಹತ್ತು ಮಂದಿ ಕುಣಿದರೆ ಮೊದಲನೆಯವರು ಒಬ್ಬರೇ. ಸ್ಪರ್ಧೆ ಬೇಡ ಎಂದು ನಾನು ಹೇಳುತ್ತಿಲ್ಲ. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಕುಣಿದು ಬಂದ ಮಕ್ಕಳ ಮುಖದ ಕಳೆಯನ್ನು ನಾನೂ ಕಂಡಿದ್ದೇನೆ. ಆದರೆ ಮೂರು ವರ್ಷ ಪರೀಕ್ಷೆಯ ದಾರಿಯಲ್ಲಿ ನಡೆದು ತನ್ನ ಕಾಲಿನ ಮೇಲೆ ತನಗೇ ನಂಬಿಕೆ ಬಂದ ಮಗುವಿಗೆ ಸ್ಪರ್ಧೆ ಒಂದು ಆಟ. ಇನ್ನೂ ಅಡವು ನಿಲ್ಲದ ಮಗುವಿಗೆ ಅದು ಒಂದು ತೀರ್ಪು. ಈ ವ್ಯತ್ಯಾಸವನ್ನು ನಾವು ಮರೆಯುತ್ತೇವೆ.

ಬ್ಯಾಲೆಯವರಿಂದ ಇಲ್ಲಿ ಎರಡು ವಿಷಯ ಕಲಿಯಬಹುದು. ಬೆರಳ ತುದಿಯ ಮೇಲೆ ನಿಲ್ಲುವ ಆ ಗಟ್ಟಿ ಪಾದರಕ್ಷೆಗಾಗಿ ಪ್ರತಿಯೊಂದು ಪುಟ್ಟ ಹುಡುಗಿಯೂ ಆಸೆಪಡುತ್ತಾಳೆ. ಒಳ್ಳೆಯ ಶಿಕ್ಷಕಿ ಅದನ್ನು ಬೇಗನೆ ಕೊಡುವುದಿಲ್ಲ. ಕೆಲವು ವರ್ಷಗಳ ಅಭ್ಯಾಸವಾಗಬೇಕು, ಪಾದಕ್ಕೂ ಕಣಕಾಲಿಗೂ ಬಲ ಬರಬೇಕು, ಬೆಳೆಯುತ್ತಿರುವ ಎಳೆಯ ಮೂಳೆ ತಕ್ಕಷ್ಟು ಗಟ್ಟಿಯಾಗಬೇಕು. ಸಾಮಾನ್ಯವಾಗಿ ಹನ್ನೊಂದು ಹನ್ನೆರಡು ವಯಸ್ಸಿನವರೆಗೆ ಕಾಯಿಸುತ್ತಾರೆ. ಅಮ್ಮ ಎಷ್ಟೇ ಕೇಳಿಕೊಂಡರೂ ಮೂಳೆ ಅವಸರಪಡುವುದಿಲ್ಲ. ಎರಡನೆಯದು, ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ 1973ರಿಂದ ನಡೆಯುತ್ತಿರುವ ಪ್ರಿ ದ ಲೋಸಾನ್ ಎಂಬ ಸ್ಪರ್ಧೆ. ಅದು 15ರಿಂದ 18 ವರ್ಷದವರಿಗೆ ಮಾತ್ರ. ಅಲ್ಲಿ ತೀರ್ಪುಗಾರರು ವೇದಿಕೆಯ ಮೇಲಿನ ಕೆಲವೇ ನಿಮಿಷಗಳನ್ನು ನೋಡಿ ತೀರ್ಮಾನಿಸುವುದಿಲ್ಲ. ದಿನದಿನದ ತರಗತಿಗಳಲ್ಲೂ ಮಕ್ಕಳನ್ನು ಗಮನಿಸುತ್ತಾರೆ. ಅವರು ಆರೋಗ್ಯವಾಗಿದ್ದಾರೆಯೇ ಎಂಬುದನ್ನೂ ವಿಚಾರಿಸುತ್ತಾರೆ. ಅಂಥ ದೊಡ್ಡ ಸ್ಪರ್ಧೆಯೇ ಇಷ್ಟು ಕಾಯುವಾಗ, ಏಳು ವರ್ಷದ ಮಗುವನ್ನು ಟೀವಿ ಕಾರ್ಯಕ್ರಮದ ಆಯ್ಕೆಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವ ನಾವು ಯಾವ ಅವಸರದಲ್ಲಿದ್ದೇವೆ?

ಈಗ ಶುಭಸಂದೇಶಕ್ಕೆ ಬರೋಣ. ಸೆಮಿನರಿಯಲ್ಲಿ ಸಂತ ಮಾರ್ಕನ ಶುಭಸಂದೇಶವನ್ನು ಗ್ರೀಕ್ ಭಾಷೆಯಲ್ಲಿ ಓದುವಾಗ ನಮ್ಮ ಅಧ್ಯಾಪಕರು ಒಂದು ಪದವನ್ನು ತೋರಿಸಿಕೊಟ್ಟರು. 'ಕೊರಾಸಿಯೋನ್'. ಪುಟ್ಟ ಹುಡುಗಿ ಎಂದು ಅರ್ಥ. ಐದನೆಯ ಅಧ್ಯಾಯದಲ್ಲಿ ಪ್ರಾರ್ಥನಾಮಂದಿರದ ಅಧಿಕಾರಿ ಯಾಯಿರನ ಮಗಳನ್ನು ಮಾರ್ಕ ಹೀಗೆ ಕರೆಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಹೆರೋದನ ಹುಟ್ಟುಹಬ್ಬದಲ್ಲಿ ಕುಣಿದ ಹೆರೋದಿಯಳ ಮಗಳನ್ನೂ ಅದೇ ಪದದಿಂದ ಕರೆಯುತ್ತಾನೆ. ಆಕೆಯ ಹೆಸರು ಸಲೋಮೆ ಎಂದು ನಮಗೆ ತಿಳಿಯುವುದು ಇತಿಹಾಸಕಾರ ಜೋಸೆಫಸನಿಂದ. ಮಾರ್ಕ ಹೆಸರು ಹೇಳುವುದಿಲ್ಲ. ಚಿತ್ರಕಾರರೂ ನಾಟಕಕಾರರೂ ಆಕೆಯನ್ನು ಮೋಹಿನಿಯನ್ನಾಗಿ ಮಾಡಿದರು. ಮಾರ್ಕನಿಗೆ ಆಕೆ ಒಬ್ಬ ಪುಟ್ಟ ಹುಡುಗಿ, ಅಷ್ಟೇ.

ಇಬ್ಬರು ಹುಡುಗಿಯರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ಹೆರೋದನ ಮನೆಯ ಹುಡುಗಿ ಚೆನ್ನಾಗಿಯೇ ಕುಣಿದಳು. ಅತಿಥಿಗಳೆಲ್ಲರೂ ಮೆಚ್ಚಿದರು. ಬಹುಮಾನವೂ ದೊಡ್ಡದು, ಅರ್ಧ ರಾಜ್ಯದವರೆಗೆ ಏನು ಬೇಕಾದರೂ ಕೇಳು ಎಂಬ ಮಾತು. ಆಗ ಆ ಮಗು ಏನು ಮಾಡಿತು? ಓಡಿಹೋಗಿ ತಾಯಿಯನ್ನು ಕೇಳಿತು: ನಾನು ಏನು ಕೇಳಲಿ? ಗೆದ್ದ ಮಗುವಿಗೆ ತನ್ನದೆನ್ನುವ ಒಂದು ಆಸೆಯೂ ಇರಲಿಲ್ಲ. ತಾಯಿಯ ಮನಸ್ಸಿನಲ್ಲಿ ಹಳೆಯ ದ್ವೇಷ ಇತ್ತು. ಅದು ಮಗಳ ಕಾಲಿನಿಂದ ಕುಣಿಯಿತು, ಮಗಳ ಬಾಯಿಂದ ಮಾತಾಡಿತು. ಕೊನೆಗೆ ಬಹುಮಾನವಾಗಿ ಆ ಪುಟ್ಟ ಕೈಗಳಿಗೆ ಬಂದದ್ದು ಹರಿವಾಣದಲ್ಲಿಟ್ಟ ಸ್ನಾನಿಕ ಯೊವಾನ್ನರ ತಲೆ. ಆ ಮಗು ಅದನ್ನೂ ಇಟ್ಟುಕೊಳ್ಳಲಿಲ್ಲ. ತಾಯಿಗೇ ಒಪ್ಪಿಸಿತು.

ಯಾಯಿರನ ಮಗಳ ಮನೆಗೆ ಬನ್ನಿ. ಅಲ್ಲಿಯೂ ಜನ ಸೇರಿದ್ದರು, ಗದ್ದಲವಿತ್ತು. ಯೇಸುಸ್ವಾಮಿ ಮೊದಲು ಮಾಡಿದ್ದು ಆ ಗುಂಪನ್ನು ಹೊರಗೆ ಕಳುಹಿಸಿದ್ದು. ತಂದೆತಾಯಿ ಮತ್ತು ಮೂವರು ಶಿಷ್ಯರು ಮಾತ್ರ ಉಳಿದರು. ಅವರು ಮಗುವಿನ ಕೈ ಹಿಡಿದರು, ಏಳು ಎಂದರು. ಮಗು ಎದ್ದು ನಡೆದಾಡಿತು. ಅದಕ್ಕೆ ಹನ್ನೆರಡು ವರ್ಷ ಎಂದು ಮಾರ್ಕ ನೆನಪಿಟ್ಟು ಬರೆಯುತ್ತಾನೆ. ಆಮೇಲೆ ಸ್ವಾಮಿ ಎರಡು ಮಾತು ಹೇಳಿದರು. ಇದನ್ನು ಯಾರಿಗೂ ಹೇಳಬೇಡಿ. ಮಗುವಿಗೆ ಊಟಕ್ಕೆ ಏನಾದರೂ ಕೊಡಿ.

ಪ್ರಿಯರೇ, ಲೋಕದಲ್ಲಿ ಅಂದು ನಡೆದ ಅತ್ಯಂತ ದೊಡ್ಡ ಅದ್ಭುತಕ್ಕೆ ಚಪ್ಪಾಳೆ ಬೇಡವೆಂದರು. ಆದರೆ ಆ ಮಗುವಿಗೆ ಹಸಿವಾಗಿರಬಹುದು ಎಂಬುದು ಅವರಿಗೆ ನೆನಪಾಯಿತು. ಒಂದು ಮನೆಯಲ್ಲಿ ಮಗು ದೊಡ್ಡವರ ಆಸೆಯನ್ನು ತೀರಿಸಬೇಕಾಯಿತು, ಇನ್ನೊಂದು ಮನೆಯಲ್ಲಿ ದೊಡ್ಡವರು ಮಗುವಿನ ಹಸಿವನ್ನು ನೋಡಿದರು. ನಮ್ಮ ಮನೆ ಇವೆರಡರಲ್ಲಿ ಯಾವುದು?

ಈ ಪ್ರಶ್ನೆಯನ್ನು ನಿಮಗೆ ಮಾತ್ರ ಕೇಳಿ ನಾನು ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ಹಿಂದೊಮ್ಮೆ ನಮ್ಮ ದೇವಾಲಯದ ಹಬ್ಬದ ದಿನ, ಒಂದು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಹುಡುಗಿಯನ್ನು ನಾನು ವೇದಿಕೆಗೆ ಕರೆದು ಶಾಲು ಹೊದಿಸಿ ಹೊಗಳಿದೆ. ಅದೇ ಸ್ಪರ್ಧೆಯಲ್ಲಿ, ಅದೇ ಗುರುವಿನ ಬಳಿ ಕಲಿತು, ಅಷ್ಟೇ ಕಷ್ಟಪಟ್ಟು ಕುಣಿದಿದ್ದ ಇನ್ನೊಬ್ಬ ಹುಡುಗಿ ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ಅವಳ ಹೆಸರನ್ನು ನಾನು ಎತ್ತಲಿಲ್ಲ. ನೆನಪೇ ಆಗಲಿಲ್ಲ. ಆ ವರ್ಷದ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಅವಳು ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ತಾಯಿ "ಏನಿಲ್ಲ ಫಾದರ್, ಓದು ಜಾಸ್ತಿ" ಎಂದರು. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ಗೆದ್ದವರನ್ನು ಮಾತ್ರ ಕರೆಯುವ ಹೆರೋದನ ಔತಣಕೂಟವನ್ನು ನಾನು ದೇವಾಲಯದ ಅಂಗಳದಲ್ಲೇ ನಡೆಸಿದ್ದೆ. ಇಂದಿಗೂ ಆ ತಪ್ಪು ನನ್ನನ್ನು ಚುಚ್ಚುತ್ತದೆ.

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಆಟದ ಬಗ್ಗೆಯೂ ಬರೆದಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆಟವಾಡಲು ಬಾರದಿರುವುದೂ ಒಂದು ದೋಷ ಎಂಬುದು ಅವರ ವಾದ. ಅಲ್ಲಿ ಒಂದು ಹಳೆಯ ಕಥೆಯನ್ನು ಹೇಳುತ್ತಾರೆ. ಪ್ರೇಷಿತ ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಯೊವಾನ್ನರು ಅವನಿಂದ ಒಂದರ ಮೇಲೊಂದು ಬಾಣ ಬಿಡಿಸಿ, ಹೀಗೆ ಎಡೆಬಿಡದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದುಹೋಗುತ್ತದೆ ಎಂದ ಅವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಶಾಲೆ, ಟ್ಯೂಷನ್, ಧರ್ಮೋಪದೇಶ, ಅದರ ಮೇಲೆ ನೃತ್ಯ. ಮಗುವಿಗೆ ವಿಶ್ರಾಂತಿಯಾಗಬೇಕಾದ ನೃತ್ಯವೇ ಇನ್ನೊಂದು ಬಾಣವಾದರೆ ಬಿಲ್ಲು ತಾಳೀತೇ?

ಹಾಗಾದರೆ ಮಗುವನ್ನು ಹೇಗೆ ಸಿದ್ಧಪಡಿಸುವುದು? ನೃತ್ಯದ ವಿಷಯ ಗುರುವಿಗೆ ಬಿಡಿ. ಮನೆಯವರು ಮಾಡಬಹುದಾದ ಕೆಲವು ಮಾತುಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಊಟ ಮತ್ತು ನಿದ್ದೆ. ವೇದಿಕೆಗಾಗಿ ಬೆಳೆಯುವ ಮಗುವಿನ ಊಟವನ್ನು ಕಡಿಮೆ ಮಾಡಬೇಡಿ. "ದಪ್ಪಗಾಗಿದ್ದೀಯ" ಎಂಬ ಒಂದು ಮಾತು ಹನ್ನೆರಡರ ಹುಡುಗಿಯ ಮನಸ್ಸಿನಲ್ಲಿ ಹಲವು ವರ್ಷ ಕುಳಿತಿರುತ್ತದೆ. ಸ್ವಾಮಿ ಊಟ ಕೊಡಿ ಎಂದ ಮಗುವಿಗೆ ನಾವು ಊಟ ಕಸಿಯುವುದೇ? ಮಂಡಿಯೋ ಹಿಮ್ಮಡಿಯೋ ನೋಯುತ್ತದೆ ಎಂದರೆ ಸೋಮಾರಿತನ ಎನ್ನಬೇಡಿ. ಗಟ್ಟಿ ನೆಲದ ಮೇಲೆ ದಿನವೂ ಕಾಲು ತಟ್ಟುವ ಮಗು ಅದು. ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ.

ಎರಡನೆಯದು, ಅಭ್ಯಾಸ. ಕೊನೆಯ ವಾರದಲ್ಲಿ ಹೊಸದನ್ನು ತುರುಕಬೇಡಿ. ಅಜ್ಜಿಯನ್ನೋ ನೆರೆಮನೆಯವರನ್ನೋ ಪರೀಕ್ಷಕರಂತೆ ಕೂರಿಸಿ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕುಣಿಸಿ. ಮಧ್ಯೆ ತಪ್ಪಿದರೆ ನಿಲ್ಲದೆ ಮುಂದುವರಿಯುವುದನ್ನು ಕಲಿಸಿ. ತಪ್ಪಿದ ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಹೋಗುವುದು ಪಾಪನಿವೇದನೆಯಲ್ಲಿ ನಾವೆಲ್ಲರೂ ಕಲಿಯುವ ಪಾಠವೇ ಅಲ್ಲವೇ?

ಮೂರನೆಯದು, ಖರ್ಚು. ಉಡುಪು, ಒಡವೆ, ಮೇಕಪ್, ಪಕ್ಕವಾದ್ಯ ಎಂದು ರಂಗಪ್ರವೇಶಕ್ಕೆ ಸಾಲ ಮಾಡಿದ ಕುಟುಂಬಗಳನ್ನು ನಾನು ಕಂಡಿದ್ದೇನೆ. ಸಾಲದ ವಿಷಯ ಮಗುವಿಗೆ ಗೊತ್ತಾಗದೆ ಇರುವುದಿಲ್ಲ. ಆಮೇಲೆ ಅದು ತಾಳಕ್ಕೆ ಕುಣಿಯುವುದಿಲ್ಲ, ಬಡ್ಡಿಗೆ ಕುಣಿಯುತ್ತದೆ. ಬಾಡಿಗೆಯ ಉಡುಪಿನಲ್ಲೂ ಅಡವು ಅಡವೇ.

ನಾಲ್ಕನೆಯದು, ರಕ್ಷಣೆ. ನಿಮ್ಮ ಮಗು ಕಲಿಯುವ ತರಗತಿಗೆ ನೀವು ಯಾವಾಗ ಬೇಕಾದರೂ ಹೋಗುವಂತಿರಬೇಕು. ಬಾಗಿಲು ಮುಚ್ಚಿ ಒಂಟಿಯಾಗಿ ಕಲಿಸುವ ಪದ್ಧತಿ ಬೇಡ, ಗುರುಗಳು ಎಷ್ಟೇ ದೊಡ್ಡವರಾಗಿರಲಿ. 2012ರ ಪೋಕ್ಸೋ ಕಾಯಿದೆ ಇರುವುದು ಮಕ್ಕಳಿಗಾಗಿಯೇ. ನಮ್ಮ ದೇವಾಲಯದ ಸಭಾಂಗಣಕ್ಕೂ, ಗುರುಗಳಾದ ನಮಗೂ ಈ ಮಾತು ಅನ್ವಯಿಸುತ್ತದೆ. ಮಗು ಇದ್ದಕ್ಕಿದ್ದಂತೆ ತರಗತಿಗೆ ಹೋಗುವುದಿಲ್ಲ ಎಂದರೆ ಗದರಬೇಡಿ. ಕಾರಣ ಕೇಳಿ, ಹೇಳಿದ್ದನ್ನು ನಂಬಿ.

ಐದನೆಯದು, ಭಾನುವಾರ. ಸ್ಪರ್ಧೆಗಳು ಹೆಚ್ಚಾಗಿ ಭಾನುವಾರವೇ ಇರುತ್ತವೆ ಎಂದು ನನಗೆ ಗೊತ್ತು. ಶನಿವಾರ ಸಂಜೆಯ ಬಲಿಪೂಜೆಗೆ ಮನೆಯವರೆಲ್ಲರೂ ಬನ್ನಿ. ಬಹುಮಾನಕ್ಕಾಗಿ ದೇವರೊಡನೆ ಚೌಕಾಸಿ ಮಾಡಲು ಬರಬೇಡಿ. ಕುಣಿಯುವ ಕೈಕಾಲು ಕೊಟ್ಟವನಿಗೆ ವಂದನೆ ಹೇಳಲು ಬನ್ನಿ. ದಾವೀದನು ದೈವ ಮಂಜೂಷದ ಮುಂದೆ ಕುಣಿದಾಗ ಕಿಟಕಿಯಿಂದ ನೋಡಿದ ಮೀಕಲಳು ಅವನನ್ನು ತಿರಸ್ಕರಿಸಿದಳು (2 ಸಮುವೇಲ 6). ತಾನು ಕುಣಿದದ್ದು ಸರ್ವೇಶ್ವರನ ಮುಂದೆ ಎಂಬುದೇ ಅವನ ಉತ್ತರವಾಗಿತ್ತು. ಆ ಉತ್ತರವನ್ನು ಕಲಿತ ಮಗುವನ್ನು ಯಾವ ತೀರ್ಪುಗಾರನ ಅಂಕವೂ ಕುಗ್ಗಿಸಲಾರದು.

ಕೊನೆಯದು, ಫಲಿತಾಂಶದ ದಿನ. ಬ್ಯಾಲೆ ಪರೀಕ್ಷೆಯ ಕೋಣೆಗೆ ಹೆತ್ತವರನ್ನು ಬಿಡುವುದಿಲ್ಲ. ಅಮ್ಮ ಬಾಗಿಲ ಹೊರಗೇ ನಿಲ್ಲಬೇಕು. ಬಾಗಿಲು ಮುಚ್ಚಿದ ಮೇಲೆ ಮಗುವಿನ ಜೊತೆ ಒಳಗೆ ಹೋಗುವುದು ನೀವು ಅಷ್ಟು ದಿನ ಕೊಟ್ಟದ್ದು ಮಾತ್ರ, ಭಯವನ್ನು ಕೊಟ್ಟಿದ್ದರೆ ಭಯ, ಧೈರ್ಯವನ್ನು ಕೊಟ್ಟಿದ್ದರೆ ಧೈರ್ಯ. ಹೊರಗೆ ಬಂದಾಗ "ಹೇಗೆ ಮಾಡಿದೆ?" ಎಂದು ಕೇಳಬೇಡಿ. "ಹಸಿವಾಯಿತಾ?" ಎಂದು ಕೇಳಿ. ಯೇಸುಸ್ವಾಮಿ ಕಲಿಸಿದ ಪ್ರಶ್ನೆ ಅದು. ಮಗುವಿನ ಪ್ರತಿ ಹೆಜ್ಜೆಯನ್ನೂ ಹಿಡಿತದಲ್ಲಿಡುವ ಗೀಳು ಶಿಕ್ಷಣವಾಗಲಾರದು ಎಂದು ವಿಶ್ವಗುರು ಫ್ರಾನ್ಸಿಸ್‌ರವರು 2016ರ 'ಅಮೋರಿಸ್ ಲೆತೀತ್ಸಿಯ' ಎಂಬ ತಮ್ಮ ಪತ್ರದಲ್ಲಿ ಎಚ್ಚರಿಸಿದ್ದರು. ಕೈ ಹಿಡಿದು ನಡೆಸುವುದು ಬೇರೆ, ದಾರ ಕಟ್ಟಿ ಕುಣಿಸುವುದು ಬೇರೆ.

ಆ ಬುಧವಾರದ ಹುಡುಗಿಗೆ ನಾನು ಏನು ಹೇಳಿದೆ? "ಜ್ವರ ಕೇಳಬೇಡ ಮಗು. ನಿನಗೆ ಭಯವಾಗಿದೆ ಎಂದು ದೇವರಿಗೆ ಹೇಳು. ಅದನ್ನೇ ಅಮ್ಮನಿಗೂ ಹೇಳು. ಹೇಳಲು ಕಷ್ಟವಾದರೆ ನಾನು ಜೊತೆಗೆ ನಿಲ್ಲುತ್ತೇನೆ" ಎಂದೆ. ತಾಯಿ ಮೇಣದ ಬತ್ತಿ ಹಚ್ಚಿ ಬಂದರು. ಹುಡುಗಿ ಹೇಳಿದಳು. ಮೂರೇ ಮಾತು, ಆಮೇಲೆ ಅಳು. ತಾಯಿಯ ಮುಖ ಕೆಂಪಾಯಿತು. ನನ್ನ ಮೇಲೂ ಸ್ವಲ್ಪ ಕೋಪ ಬಂದಿರಬೇಕು. ಏನೂ ಹೇಳದೆ ಮಗಳನ್ನು ಕರೆದುಕೊಂಡು ಹೋದರು. ಶನಿವಾರ ಒಬ್ಬರೇ ಬಂದು ಹಳೆಯ ಚೀಟಿಯನ್ನು ಹಿಂದಕ್ಕೆ ಕೇಳಿದರು. "ಚಿಕ್ಕಂದಿನಲ್ಲಿ ನನಗೆ ಕಲಿಯಬೇಕೆಂದು ತುಂಬಾ ಆಸೆಯಿತ್ತು ಫಾದರ್, ಮನೆಯಲ್ಲಿ ಬಿಡಲಿಲ್ಲ" ಎಂದರು. ಹೊಸ ಚೀಟಿಯಲ್ಲಿ ಎರಡೇ ಪದ ಇದ್ದವು: ಮಗಳಿಗಾಗಿ, ಕೃತಜ್ಞತೆ.

ಹುಡುಗಿಗೆ ಜ್ವರ ಬರಲಿಲ್ಲ. ಪರೀಕ್ಷೆಗೆ ಹೋದಳು, ತೇರ್ಗಡೆಯಾದಳು. ಡಿಸ್ಟಿಂಕ್ಷನ್ ಬರಲಿಲ್ಲ. ಅಂಕಪಟ್ಟಿ ಬಂದ ದಿನ ತನಗೆ ಅಳು ಬಂತು ಎಂದು ತಾಯಿ ನನ್ನ ಹತ್ತಿರ ಒಪ್ಪಿಕೊಂಡರು. ಆದರೆ ಮಗಳ ಮುಂದೆ ಅಳಲಿಲ್ಲವಂತೆ. ಅಂದು ಮನೆಯಲ್ಲಿ ಪಾಯಸ ಮಾಡಿದರಂತೆ. ಈ ಸಾರಿ ಹಬ್ಬಕ್ಕೆ ನಾನು ಯಾರಿಗೂ ಶಾಲು ಹೊದಿಸಲಿಲ್ಲ. ಕುಣಿಯುವ ಮಕ್ಕಳೆಲ್ಲರನ್ನೂ ಕಾಣಿಕೆಯ ಮೆರವಣಿಗೆಯಲ್ಲಿ ಪೀಠದ ಕಡೆಗೆ ನಡೆಸಿದೆವು. ಅವಳೂ ಬಂದಳು. ಎರಡನೆಯ ಸಾಲಿನ ಆ ಇನ್ನೊಬ್ಬ ಹುಡುಗಿ ಇನ್ನೂ ಬಂದಿಲ್ಲ. ಅವಳಿಗಾಗಿ ನೀವೂ ಪ್ರಾರ್ಥಿಸಿ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ನಿಮ್ಮ ಮಗುವಿನ ತಲೆಯ ಮೇಲೆ ಕೈಯಿಟ್ಟು ಹೀಗೆ ಪ್ರಾರ್ಥಿಸಿ: ಕರುಣಾಳು ಪಿತನೇ, ಈ ಮಗು ಮೊದಲು ನಿನ್ನದು, ಆಮೇಲೆ ನಮ್ಮದು. ನಮ್ಮ ತೀರದ ಆಸೆಗಳ ಭಾರವನ್ನು ಇದರ ಕಾಲಿಗೆ ನಾವು ಕಟ್ಟದಂತೆ ನಮ್ಮನ್ನು ಕಾಪಾಡು. ಇದು ಗೆದ್ದಾಗ ಸೊಕ್ಕದಂತೆಯೂ ಸೋತಾಗ ಕುಗ್ಗದಂತೆಯೂ ಇದರ ಕೈ ಹಿಡಿ. ಆಮೆನ್.